ಮ್ಯೂನಿಕ್ ಬಿಟ್ಟು ಬರ್ಲಿನ್ ಆರಿಸಿಕೊಂಡ ನಮ್ಮ ಲೆಕ್ಕ

ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕಂಪನಿ 2022ರ ಮಾರ್ಚ್‌ನಲ್ಲಿ ನನ್ನನ್ನು ಜರ್ಮನಿಗೆ ವರ್ಗ ಮಾಡುವುದಾಗಿ ತಿಳಿಸಿ, ಮ್ಯೂನಿಕ್ ಮತ್ತು ಬರ್ಲಿನ್ ಕಚೇರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿತು. ಆಗ ಮಗಳಿಗೆ ಒಂಬತ್ತು ವರ್ಷ, ಮೂರನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದಳು. ಮಗನಿಗೆ ಮೇ ತಿಂಗಳಲ್ಲಿ ಆರು ತುಂಬುವುದರಲ್ಲಿತ್ತು. ಮೊದಲ ಎರಡು ವಾರ ನಾನೂ ನಮ್ಮ ಯಜಮಾನರೂ ಹಾಕಿದ್ದು ಎಲ್ಲರೂ ಹಾಕುವ ಲೆಕ್ಕವನ್ನೇ: ಸಂಬಳವೆಷ್ಟು, ಬಾಡಿಗೆಯೆಷ್ಟು, ಕೈಯಲ್ಲಿ ಉಳಿಯುವುದೆಷ್ಟು. ಜರ್ಮನಿಯ ದೊಡ್ಡ ನಗರಗಳಲ್ಲೇ ಬಾಡಿಗೆ ಅತಿ ಹೆಚ್ಚಿರುವುದು ಮ್ಯೂನಿಕ್‌ನಲ್ಲಿ. ಆದರೆ ಅಲ್ಲಿ ನನಗೆ ಸಂಬಳವೂ ತುಸು ಹೆಚ್ಚು ಸಿಗುವುದಿತ್ತು, ಪರಿಚಯದ ಎರಡು ಕನ್ನಡ ಕುಟುಂಬಗಳೂ ಇದ್ದವು. ಹೀಗಾಗಿ ಮನಸ್ಸು ಅತ್ತ ಕಡೆಗೇ ವಾಲಿತ್ತು.

ಅದನ್ನು ತಿರುಗಿಸಿದ್ದು ಆ ಕುಟುಂಬಗಳಲ್ಲೊಬ್ಬರು ಫೋನಿನಲ್ಲಿ ಕೇಳಿದ ಒಂದೇ ಪ್ರಶ್ನೆ: “ಮಗಳು ಇಲ್ಲಿ ಎಷ್ಟನೇ ಕ್ಲಾಸಿಗೆ ಸೇರ್ತಾಳೆ?” ನಾಲ್ಕನೆಯದಕ್ಕೆ ಎಂದೆ. “ಹಾಗಾದ್ರೆ ಸ್ವಲ್ಪ ಯೋಚನೆ ಮಾಡಿ,” ಎಂದರು.

ಜರ್ಮನಿಯಲ್ಲಿ ಶಾಲಾ ಶಿಕ್ಷಣ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು, ಅಲ್ಲಿನ 16 ರಾಜ್ಯಗಳಲ್ಲಿ ನಿಯಮಗಳು ಒಂದೇ ತೆರನಾಗಿಲ್ಲ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಪ್ರಾಥಮಿಕ ಶಾಲೆ ನಾಲ್ಕು ವರ್ಷಕ್ಕೇ ಮುಗಿಯುತ್ತದೆ. ನಾಲ್ಕನೆಯ ತರಗತಿಯ ಮೇ ತಿಂಗಳಲ್ಲಿ ಪ್ರತಿ ಮಗುವಿಗೂ ಮುಂದೆ ಯಾವ ಬಗೆಯ ಶಾಲೆಗೆ ಹೋಗಬಹುದೆಂದು ತಿಳಿಸುವ ಒಂದು ವರ್ಗಾವಣೆ ಪತ್ರ ಸಿಗುತ್ತದೆ. ಜರ್ಮನ್, ಗಣಿತ ಮತ್ತು ಪರಿಸರ ಅಧ್ಯಯನದಂಥ ಒಂದು ವಿಷಯ, ಈ ಮೂರರ ಸರಾಸರಿ ಶ್ರೇಣಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವಿಶ್ವವಿದ್ಯಾಲಯದ ದಾರಿಯ ಗಿಮ್ನಾಜಿಯುಮ್‌ಗೂ, 2.66ರವರೆಗಿದ್ದರೆ ಹತ್ತನೆಯ ತರಗತಿಯವರೆಗಿನ ರಿಯಾಲ್‌ಶೂಲೆಗೂ ಹೋಗಬಹುದು. (ಅಲ್ಲಿ 1 ಅತ್ಯುತ್ತಮ, 6 ಅತಿ ಕಡಿಮೆ. ಗಿಮ್ನಾಜಿಯುಮ್‌ಗೂ ನಮ್ಮ ಜಿಮ್ಮಿಗೂ ಸಂಬಂಧವಿಲ್ಲ ಎಂಬುದನ್ನು ನಮ್ಮ ಅತ್ತೆಯವರಿಗೆ ಮೂರು ಸಲ ವಿವರಿಸಬೇಕಾಯಿತು.) ಹೊರದೇಶದಿಂದ ಬಂದ ಮಕ್ಕಳಿಗೆ ಕೆಲವು ರಿಯಾಯಿತಿಗಳಿವೆ, ಮುಂದೆ ಒಂದು ಬಗೆಯ ಶಾಲೆಯಿಂದ ಇನ್ನೊಂದಕ್ಕೆ ದಾಟುವ ದಾರಿಗಳೂ ಇವೆ. ಆದರೂ ಜರ್ಮನ್ ಭಾಷೆಯಲ್ಲಿ ಹತ್ತರ ತನಕ ಎಣಿಸಲೂ ಬಾರದ ಹುಡುಗಿ ಸೆಪ್ಟೆಂಬರ್‌ನಲ್ಲಿ ಸೇರಿ, ಮೇ ತಿಂಗಳಿಗೆ ಆ ಭಾಷೆಯಲ್ಲಿಯೇ ಅಳೆಸಿಕೊಳ್ಳುವುದೆಂದರೆ ಅದು ಅವಳ ಗಣಿತವನ್ನಾಗಲಿ ಬುದ್ಧಿಯನ್ನಾಗಲಿ ಅಳೆದಂತಾಗುವುದಿಲ್ಲ ಎಂದು ನನಗನ್ನಿಸಿತು.

ಬರ್ಲಿನ್‌ನಲ್ಲಿ, ಅದನ್ನು ಸುತ್ತುವರಿದಿರುವ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿಯೂ ಸಹ, ಪ್ರಾಥಮಿಕ ಶಾಲೆ ಆರು ವರ್ಷ. ಮಗಳಿಗೆ ಒಂದರ ಬದಲು ಮೂರು ವರ್ಷ ಸಿಗುತ್ತಿತ್ತು. ಜೊತೆಗೆ, ಅಲ್ಲಿ ಗಿಮ್ನಾಜಿಯುಮ್ ಅಲ್ಲದ ಮಾಧ್ಯಮಿಕ ಶಾಲೆಯಲ್ಲಿ ಓದಿದವರೂ ಆಬಿಟೂರ್, ಅಂದರೆ ನಮ್ಮ ಪಿಯುಸಿಗೆ ಹತ್ತಿರವಾದ ಪರೀಕ್ಷೆಯನ್ನು, ಒಂದು ವರ್ಷ ಹೆಚ್ಚು ತೆಗೆದುಕೊಂಡು ಬರೆಯಬಹುದು. ಅಂತರರಾಷ್ಟ್ರೀಯ ಖಾಸಗಿ ಶಾಲೆಯ ಶುಲ್ಕವನ್ನು ಕಂಪನಿ ಕೊಡುವುದಿಲ್ಲವೆಂದು ಮೊದಲೇ ಹೇಳಿತ್ತು. ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಸರ್ಕಾರಿ ಶಾಲೆಗಳಲ್ಲಿ ಜಾಗಕ್ಕೆ ನೂಕುನುಗ್ಗಲು. ಒಂದು ವರ್ಷ ಬೆಂಗಳೂರಿನ ಶಾಲೆಯ ಪಾಠವನ್ನೇ ಆನ್‌ಲೈನ್‌ನಲ್ಲಿ ಮುಂದುವರಿಸೋಣವೇ ಎಂದರೆ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಲು ಜರ್ಮನಿಯ ಕಾನೂನು ಒಪ್ಪುವುದಿಲ್ಲ. ಹೀಗೆ ಸಂಬಳದ ಲೆಕ್ಕ ಪಕ್ಕಕ್ಕೆ ಸರಿದು, ಬರ್ಲಿನ್ ನಿಶ್ಚಯವಾಯಿತು.

ಊರು ಸರಿಯಾಗಿಯೇ ಆಯ್ಕೆಯಾಯಿತು. ಬಡಾವಣೆಯ ವಿಷಯದಲ್ಲಿ ನಾವು ಎಡವಿದೆವು. ಬರ್ಲಿನ್‌ನಲ್ಲಿ 12 ಆಡಳಿತ ವಿಭಾಗಗಳಿದ್ದು, ಪ್ರಾಥಮಿಕ ಶಾಲೆಯ ಸೀಟು ನೀವು ನೋಂದಾಯಿಸಿದ ವಿಳಾಸಕ್ಕೆ ಅನುಗುಣವಾಗಿ ಆ ವಿಭಾಗದ ಶಾಲಾ ಕಚೇರಿಯಿಂದ ಬರುತ್ತದೆ. ನಾವು ಜುಲೈನಲ್ಲಿ ಬಂದಿಳಿದಾಗ ಕಚೇರಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಪೂರ್ವದ ಲಿಷ್ಟೆನ್‌ಬೆರ್ಗ್‌ನಲ್ಲಿ ಸಾಮಾನು ಸಮೇತದ ತಾತ್ಕಾಲಿಕ ಮನೆಯೊಂದನ್ನು ಹಿಡಿದೆವು. ಮಗ ಚಿಕ್ಕವನಾದ್ದರಿಂದ ನೇರವಾಗಿ ಸಾಮಾನ್ಯ ಒಂದನೆಯ ತರಗತಿಗೆ ಸೇರಿದ, ಮೊದಲ ದಿನ ತನ್ನಷ್ಟೇ ಎತ್ತರದ, ಮಿಠಾಯಿ ತುಂಬಿದ ಕಾಗದದ ಶಂಕುವನ್ನು ತಬ್ಬಿಕೊಂಡು ನಿಂತು ಫೋಟೋ ತೆಗೆಸಿಕೊಂಡ. ಮಗಳಿಗೆ ಮಾತ್ರ ಭಾಷೆ ಕಲಿಸುವ ‘ಸ್ವಾಗತ ತರಗತಿ’ ಬೇಕಿತ್ತು. ಅದು ಎಲ್ಲ ಶಾಲೆಗಳಲ್ಲೂ ಇರುವುದಿಲ್ಲವಾದ್ದರಿಂದ ಅವಳಿಗೆ ನಾಲ್ಕು ನಿಲ್ದಾಣ ಆಚೆಯ ಬೇರೊಂದು ಶಾಲೆ ಗೊತ್ತಾಯಿತು. ಇಬ್ಬರು ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆಂಬ ಊಹೆಯ ಮೇಲೆ ನಾವು ಹಾಕಿಕೊಂಡಿದ್ದ ದಿನಚರಿಯೆಲ್ಲ ಒಂದು ಪತ್ರದಿಂದ ತಲೆಕೆಳಗಾಯಿತು.

ಖಾಯಂ ಮನೆ ಸಿಕ್ಕಿದ್ದು ಆರು ತಿಂಗಳ ನಂತರ, ಜನವರಿಯಲ್ಲಿ, ಅದೂ ನಗರದ ಇನ್ನೊಂದು ತುದಿಯ ಷ್ಟೆಗ್ಲಿಟ್ಸ್‌ನಲ್ಲಿ. ಹೊಸದಾಗಿ ಬಂದವರಿಗೆ ಅಲ್ಲಿನ ಸಾಲ ಚರಿತ್ರೆಯ ಪತ್ರವಿರುವುದಿಲ್ಲ. ಮೂರು ತಿಂಗಳ ಸಂಬಳದ ಚೀಟಿ ಕೈಗೆ ಬರುವವರೆಗೆ ಮಾಲೀಕರು ಉತ್ತರ ಬರೆಯುವುದೇ ಅಪರೂಪ. ಮುಂಗಡ ಮೂಲ ಬಾಡಿಗೆಯ ಮೂರು ತಿಂಗಳನ್ನು ಮೀರುವಂತಿಲ್ಲ ಎಂಬ ಕಾನೂನು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿದ್ದ ನಮಗೆ ಹಬ್ಬದಂತೆ ಕಂಡಿತ್ತು. ಆದರೆ ಬಹಳಷ್ಟು ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ: ಒಲೆ, ಸಿಂಕು, ಕಪಾಟು ಎಲ್ಲವನ್ನೂ ಬಾಡಿಗೆದಾರನೇ ಹಾಕಿಸಿಕೊಳ್ಳಬೇಕು. ಉಳಿಸಿದ ಮುಂಗಡ ಅಲ್ಲಿಗೆ ಹೋಯಿತು.

ಈ ಮನೆ ಬದಲಾವಣೆಯಿಂದ ಮಗ ಒಂದನೆಯ ತರಗತಿಯ ನಡುವೆಯೇ ಶಾಲೆ ಬಿಡಬೇಕಾಯಿತು. ಆಗಷ್ಟೇ ಸಿಕ್ಕಿದ್ದ ಒಬ್ಬನೇ ಗೆಳೆಯನನ್ನು ಬಿಟ್ಟು ಬಂದ ಮೇಲೆ ಅವನು ಎರಡು ತಿಂಗಳು ಹೊಸ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಯಾರಾದರೂ ನನ್ನನ್ನು ಕೇಳಿದರೆ ಈಗ ಮೊದಲು ಹೇಳುವುದು ಇದನ್ನೇ: ತಾತ್ಕಾಲಿಕ ಮನೆ ಚಿಕ್ಕದಿರಲಿ, ಕಚೇರಿಗೆ ದೂರವೇ ಆಗಲಿ, ಮುಂದೆ ನೆಲೆಸಬೇಕೆಂದಿರುವ ವಿಭಾಗದಲ್ಲಿಯೇ ಹಿಡಿಯಿರಿ, ವಿಳಾಸ ನೋಂದಣಿಗೆ ಮಾಲೀಕ ಪತ್ರ ಕೊಡುತ್ತಾನೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಮಕ್ಕಳ ದಡಾರ ಲಸಿಕೆಯ ಎರಡೂ ಡೋಸುಗಳ ದಾಖಲೆಯನ್ನು ಕೈಚೀಲದಲ್ಲಿಯೇ ತನ್ನಿ, 2020ರ ಮಾರ್ಚ್‌ನಿಂದ ಅದನ್ನು ಶಾಲೆಗಳು ಕಡ್ಡಾಯವಾಗಿ ಕೇಳುತ್ತವೆ.

ಷ್ಟೆಗ್ಲಿಟ್ಸ್‌ನ ಮನೆಯನ್ನು ಒಪ್ಪಿಕೊಳ್ಳುವ ಮುಂಚೆ ನಾವು ಮಾಡಿದ ಒಂದು ಕೆಲಸ ಮಾತ್ರ ಸರಿಯಾಗಿತ್ತು. ಶಾಲೆಗಳ ಹೆಸರು, ಅಂಕಗಳು ಎಂದು ಅಂತರ್ಜಾಲದಲ್ಲಿ ಹುಡುಕುವುದನ್ನು ಬಿಟ್ಟು, ಡಿಸೆಂಬರ್‌ನ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಆ ಮನೆಯ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಇಬ್ಬರೂ ನಡೆದು ನೋಡಿದೆವು. ಬರ್ಲಿನ್‌ನಲ್ಲಿ ಆ ತಿಂಗಳು ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಶಾಲೆಯ ಗಂಟೆ ಬಾರಿಸುವುದು ಎಂಟಕ್ಕೆ. ನಮ್ಮ ಬೆಂಗಳೂರಿನಂತೆ ಮನೆ ಮುಂದೆ ಶಾಲಾ ಬಸ್ಸು ಬಂದು ನಿಲ್ಲುವುದಿಲ್ಲ; ಏಳೆಂಟು ವರ್ಷದ ಮಕ್ಕಳು ಬೆನ್ನಿನ ಚೀಲದ ಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿಕೊಂಡು ಕತ್ತಲಲ್ಲಿ ತಾವೇ ನಡೆದು ಹೋಗುತ್ತಾರೆ. ಎಷ್ಟು ದೊಡ್ಡ ರಸ್ತೆ ದಾಟಬೇಕು, ದಾಟುವಲ್ಲಿ ಸಿಗ್ನಲ್ ಇದೆಯೇ, ಅದೇ ದಾರಿಯಲ್ಲಿ ಬೇರೆ ಮಕ್ಕಳು ಹೋಗುತ್ತಾರೆಯೇ ಎಂಬುದನ್ನು ಆ ಹನ್ನೊಂದು ನಿಮಿಷಗಳ ನಡಿಗೆ ತಿಳಿಸಿಕೊಟ್ಟಿತು. ಅದಕ್ಕೂ ಹಿಂದೆ ನೋಡಿದ್ದ ಒಂದು ದೊಡ್ಡ, ಅಗ್ಗದ ಮನೆಯನ್ನು ಬಿಟ್ಟದ್ದು ಇಂಥದೇ ನಡಿಗೆಯ ನಂತರ.

ಮಗಳನ್ನು ನಾವು ಹಳೆಯ ಸ್ವಾಗತ ತರಗತಿಯಲ್ಲಿಯೇ ಮುಂದುವರಿಸಿದೆವು. ಬರ್ಲಿನ್‌ನ ಶಾಲಾ ಮಕ್ಕಳಿಗೆ ನಗರದೊಳಗೆ ರೈಲು, ಬಸ್ಸಿನ ಪಾಸು ಉಚಿತ. ನಗರದ ಗಡಿಯಾಚೆಯ ಪಾಟ್ಸ್‌ಡಾಮ್‌ನಲ್ಲಿ ಮನೆ ಮಾಡಿದ್ದರೆ ಆ ಪಾಸು ಸಿಗುತ್ತಿರಲಿಲ್ಲ. ಬೇಸಿಗೆಯ ಹೊತ್ತಿಗೆ ಅವಳು ಸಾಮಾನ್ಯ ಐದನೆಯ ತರಗತಿಗೆ ದಾಟಿ, 2025ರಲ್ಲಿ ಆರು ಮುಗಿಸಿ, ನಾವು ಕೂತು ಮಾತಾಡಿದ ಮೇಲೆ ಗಿಮ್ನಾಜಿಯುಮ್ ಬಿಟ್ಟು ಮನೆಯ ಹತ್ತಿರದ ಮಾಧ್ಯಮಿಕ ಶಾಲೆಯನ್ನು ತಾನೇ ಆರಿಸಿಕೊಂಡಳು.

ಮಗ ಈಗ ನಾಲ್ಕನೆಯ ತರಗತಿ. ಮ್ಯೂನಿಕ್‌ನ ಆ ಪರಿಚಿತರ ಮಗನಿಗೂ ಅದೇ ವಯಸ್ಸು. ಅಕ್ಟೋಬರ್‌ನಿಂದಲೇ ಅವನಿಗೆ ಪರೀಕ್ಷೆಗಳ ಸಾಲು ಹತ್ತಿದೆಯಂತೆ. ನಮ್ಮವನು ಮೊನ್ನೆ ಶಾಲೆಯಿಂದ ಬಂದವನೇ ಚೀಲ ಬಿಸಾಡಿ, ಕತ್ತಲಾಗುವುದಕ್ಕೆ ಇನ್ನೂ ಒಂದು ಗಂಟೆಯಿದೆ ಎಂದು ಚೆಂಡು ಹಿಡಿದು ಅಂಗಳಕ್ಕಿಳಿದ.