ಸುರುಳಿ ಸುತ್ತಿದ ತೊಗಲುಗೊಂಬೆ ಬಿಡಿಸಿದ ನನ್ನ ಅನುಭವ

ಕೊಪ್ಪಳದ ಕಡೆ ನಮ್ಮ ತಾಲ್ಲೂಕಿನ ಪುಟ್ಟ ಮ್ಯೂಸಿಯಂನಲ್ಲಿ ನೂರರ ಹತ್ತಿರ ತೊಗಲುಗೊಂಬೆಗಳಿವೆ. ಕಿನ್ನಾಳದ ಮರದ ಗೊಂಬೆಗಳಿಗೆ ಗಾಜಿನ ಕಪಾಟು, ಇವಕ್ಕೆ ಟ್ರಂಕು. ಬೇಸಿಗೆಯ ಒಣ ಗಾಳಿಗೆ ಅರ್ಧದಷ್ಟು ಸುರುಳಿ ಸುತ್ತಿಕೊಂಡಿದ್ದವು. ಆವಿ ಕೊಟ್ಟು ನಾನೇ ಬಿಡಿಸುತ್ತೇನೆ ಅಂದರೆ, ತೇವ ತಾಗಿದರೆ ಬಣ್ಣ ಬಿಡುತ್ತೆ, ಬೂಷ್ಟು ಹಿಡಿಯುತ್ತೆ, ಹಳೇ ವಸ್ತು ದುರಸ್ತಿ ಮಾಡೋ ಲ್ಯಾಬಿಗೇ ಕಳಿಸು ಅಂದವರೇ ಎಲ್ಲ. ವಿಚಾರಿಸಿದರೆ ಗೊಂಬೆಗೆ ಆರೇಳು ಸಾವಿರ ಕೇಳಿದರು. ನಮಗೆ ವರ್ಷವಿಡೀ ನಿರ್ವಹಣೆಗೆ ಬರೋದೇ ಮೂವತ್ತು ಸಾವಿರದ ಆಸುಪಾಸು.

ನಾನು ಬರುವ ಮೊದಲು ಯಾರೋ ಕೆಲವನ್ನು ಫೆವಿಕಾಲ್ ಹಚ್ಚಿ ಪ್ಲೈವುಡ್‌ಗೆ ಮೆತ್ತಿದ್ದರು. ಹದ ಮಾಡದ ಹಸಿ ತೊಗಲು ಮಳೆಗಾಲಕ್ಕೆ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗುತ್ತೆ. ಅಂಟು ಬಿಡಲಿಲ್ಲ, ತೊಗಲೇ ಹರಿಯಿತು. ರಾವಣನ ಮೂರು ತಲೆ ಈಗಲೂ ಹಲಗೆಯಲ್ಲೇ ಇವೆ. ಇಸ್ತ್ರಿ ಹೊಡಿ ಅಂದ ಗೆಳೆಯನ ಕಣ್ಣೆದುರೇ ಹೊಸ ಮೇಕೆ ತೊಗಲಿನ ಚೂರು ಒದ್ದೆ ಮಾಡಿ ಇಸ್ತ್ರಿ ಇಟ್ಟೆ. ಕೆಂಡದ ಮೇಲಿನ ಹಪ್ಪಳದಂತೆ ಮುದುಡಿತು. ಮತ್ತೆ ಆ ಮಾತೆತ್ತಲಿಲ್ಲ.

ಬಿಡಿಸೋ ಮೊದಲು ತೊಗಲು ತಿನ್ನೋ ಹುಳು ಕೊಲ್ಲಬೇಕು. ಕರ್ಪೂರಕ್ಕೂ ಬೇವಿನೆಲೆಗೂ ಅವು ಜಗ್ಗಲಿಲ್ಲ. ಐಸ್‌ಕ್ರೀಂ ಅಂಗಡಿಯ ಹಳೇ ಡೀಪ್ ಫ್ರೀಜರ್ ಐದು ಸಾವಿರಕ್ಕೆ ಸಿಕ್ಕಿತು. ಪಾಲಿಥೀನಿನಲ್ಲಿ ಗಾಳಿ ಹಿಂಡಿ ಸೀಲ್ ಮಾಡಿ, ಮೈನಸ್ 18ರಲ್ಲಿ ಎರಡು ವಾರ. ಹೊರತೆಗೆದು ಒಂದಿಡೀ ದಿನ ಕವರ್ ಬಿಚ್ಚಬೇಡಿ, ತೊಗಲು ಬೆವರುತ್ತೆ.

ಆಮೇಲೆ ಡಬ್ಬಿ. ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಒದ್ದೆ ಫೆಲ್ಟ್, ಗೇಣೆತ್ತರದಲ್ಲಿ ಸೊಳ್ಳೆಪರದೆ ಬಿಗಿದ ಚೌಕಟ್ಟು, ಅದರ ಮೇಲೆ ಗೊಂಬೆ. ನೀರು ಎಲ್ಲೂ ತಾಗಲ್ಲ, ಆವಿ ಮಾತ್ರ. ಗಾಳಿಯ ತೇವ ಅಳೆಯೋ ಹೈಗ್ರೋಮೀಟರ್ ಶೇಕಡಾ 85ರ ಹತ್ತಿರ ಬಂದು ನಾಲ್ಕೈದು ಗಂಟೆಗೆ ತೊಗಲು ಮೆತ್ತಗಾಗುತ್ತೆ. ರಾತ್ರಿಯೆಲ್ಲ ಬಿಟ್ಟರೆ ಬೂಷ್ಟಿಗೆ ನೀವೇ ಊಟ ಹಾಕಿದಂತೆ. ತಕ್ಷಣ ಬ್ಲಾಟಿಂಗ್ ಪೇಪರ್, ಫೆಲ್ಟ್, ಗಾಜು, ಮೇಲೆ ಭಾರ. ಮೊದಲ ದಿನ ಪೇಪರ್ ಪದೇ ಪದೇ ಬದಲಿಸಿ, ಮೂರು ವಾರ ಮುಟ್ಟಬೇಡಿ. ಹಳೇ ಸೊಪ್ಪಿನ ಬಣ್ಣ ಒಂದೂ ಬಿಡಲಿಲ್ಲ. ಪ್ಯಾಕೆಟ್ ಬಣ್ಣದ ಕೆಂಪು ಬಿಡುತ್ತೆ, ಅದಕ್ಕೆ ಏನೂ ಅಂಟದ ಸಿಲಿಕೋನ್ ಪೇಪರ್ ನಡುವೆ ಇಟ್ಟೆ. ದಾರ ಕಟ್ಟಿದ ಕೀಲುಗಳ ಕೆಳಗೆ ಏನಿಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಬಂದವರಿಗೆ ತೋರಿಸುತ್ತೇನೆ.

ನಡುವೆ ಬೆಳಕಿನ ಹುಚ್ಚೂ ಹತ್ತಿತು. ಹಿಂದೆ ಗೊಂಬೆಗಳ ಬೆನ್ನಿಗೆ 60 ವಾಟಿನ ಬಲ್ಬ್ ಹಾಕಿದ್ದರಂತೆ, ಸುರುಳಿ ಸುತ್ತಲು ಅದೂ ಒಂದು ಕಾರಣ. ಹಾಲುಬಿಳಿ ಅಕ್ರಿಲಿಕ್ ಹಿಂದೆ ಎಲ್‌ಇಡಿ ಪಟ್ಟಿ ಕೂರಿಸಿ ಬೆಳಕನ್ನು 50 ಲಕ್ಸ್‌ಗೆ (ಲಕ್ಸ್ ಅಂದರೆ ಮೇಲೆ ಬೀಳೋ ಬೆಳಕಿನ ಅಳತೆ) ಇಳಿಸಿದೆ. ಹರಳೆಣ್ಣೆ ದೀಪದಂತೆ ಕುಣಿಸಲು ಒಂದು ಸರ್ಕ್ಯೂಟ್ ಮಾಡಿಸಿದೆ, ಎಂಟುನೂರು ದಂಡ. ಮದುವೆ ಮಂಟಪದ ಸೀರಿಯಲ್ ಸೆಟ್ಟಿನ ಹಾಗೆ ಮಿನುಗಿತು, ಕಿತ್ತುಹಾಕಿದೆ.

2025ರಲ್ಲಿ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಮೇಲೆ ಗೊಂಬೆ ಎಲ್ಲಿ ಅಂತ ಕೇಳಿಕೊಂಡೇ ಜನ ಬರುತ್ತಾರೆ. ಫ್ರೀಜರ್ ಸೇರಿ ಒಟ್ಟು ಖರ್ಚು ಹದಿನೆಂಟು ಸಾವಿರ ದಾಟಿಲ್ಲ, ನಲವತ್ತರಷ್ಟು ಗೊಂಬೆ ಚಪ್ಪಟೆಯಾಗಿ ನಿಂತಿವೆ. ಲ್ಯಾಬಿಗೆ ಕಳಿಸು ಅಂದವರಲ್ಲಿ ಇಬ್ಬರು ಡಬ್ಬಿಯ ಅಳತೆ ಕೇಳಿ ಫೋನ್ ಮಾಡಿದ್ದರು, ಕೊಟ್ಟೆ. ಪ್ಲೈವುಡ್‌ಗೆ ಮೆತ್ತಿದವುಗಳನ್ನು ಬಿಡಿಸಲು ಈ ಡಬ್ಬಿ ಸಾಲದು. ಹಿಂದಿನಿಂದ ಪ್ಲೈವುಡ್ ಪದರ ಪದರವಾಗಿ ಕೆತ್ತಿ ತೆಗೆಯೋ ಯೋಚನೆಯಿದೆ, ಮಳೆಗಾಲಕ್ಕೆ ಶುರು ಮಾಡುತ್ತೇನೆ.