ಹೊಳೆಸಾಲಿನ ಊರಲ್ಲಿ ನೆರೆ ಸಿದ್ಧತೆಯನ್ನು ನಾವು ಅಳೆಯುವ ಬಗೆ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕೃಷ್ಣಾ ಹೊಳೆಸಾಲಿನಲ್ಲಿ ನೆರೆ ಸಿದ್ಧತೆಯ ಯೋಜನೆ ನಡೆಸುವಾಗ ನಾವು ಮುಖ್ಯವಾಗಿ ಅಳೆಯುವುದು ವೇಳೆಯನ್ನು. ಎಷ್ಟು ತರಬೇತಿ ಆಯಿತು, ಎಷ್ಟು ಲೈಫ್ ಜಾಕೆಟ್ ಹಂಚಿದೆವು ಎಂಬುದು ಖರ್ಚಿನ ಲೆಕ್ಕ, ಅದು ಬಿಲ್ಲಿನ ಜೊತೆ ಇರಲಿ.

ಐದು ವೇಳೆ ಬರೆಯುತ್ತೇವೆ. ಮೇಲ್ಗಡೆ ಮಹಾರಾಷ್ಟ್ರದಲ್ಲಿರುವ ರಾಜಾಪುರ ಬ್ಯಾರೇಜಿನಿಂದ ನೀರು ಹೆಚ್ಚಿದ ಸುದ್ದಿ ತಾಲ್ಲೂಕಿಗೆ ಬಂದದ್ದು, ಊರಿಗೆ ಮುಟ್ಟಿದ್ದು, ಡಂಗುರ ಸಾರಿದ್ದು, ಮೊದಲ ಮನೆ ಹೊರಟದ್ದು, ಕೊನೆಯ ಮನೆ ಹೊರಟದ್ದು. ಇವನ್ನು ಆಯಾ ಹೊತ್ತಿಗೇ ಬರೆಯಬೇಕು. ವಾರದ ಮೇಲೆ ಕೂತು ತುಂಬಿದ ರಿಜಿಸ್ಟರಿನಲ್ಲಿ ಎಲ್ಲ ವೇಳೆಯೂ ಆರು, ಏಳು, ಎಂಟು ಎಂದು ದುಂಡಗೆ ಇರುತ್ತವೆ. ಅಂಥ ಹಾಳೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀರು ಇಳಿದ ಹದಿನೈದು ದಿನದೊಳಗೆ ಮನೆಮನೆ ವಿಚಾರಣೆ. 320 ಮನೆಯ ಊರಾದರೆ ಪ್ರತಿ ಹತ್ತನೇ ಮನೆಯಂತೆ 32 ಮನೆ. ತೋಟಪಟ್ಟಿಯ ಮನೆಗಳದು ಬೇರೆಯೇ ಪಟ್ಟಿ. ಡಂಗುರ ಊರ ಚಾವಡಿಯ ಸುತ್ತ ಕೇಳುತ್ತದೆ, ಕಬ್ಬಿನ ನಡುವೆ ಇರುವವರಿಗೆ ಕೇಳುವುದಿಲ್ಲ. ಎರಡನ್ನೂ ಕಲಸಿದರೆ ಸುದ್ದಿ ಮುಟ್ಟದವರೇ ಲೆಕ್ಕದಲ್ಲಿ ಕಾಣೆಯಾಗುತ್ತಾರೆ. ಗಂಟೆ ಎಷ್ಟಾಗಿತ್ತು ಎಂದು ಕೇಳಿದರೆ ಸರಿಯಾದ ಉತ್ತರ ಬರುವುದು ಕಡಿಮೆ. "ರಾತ್ರಿ ಊಟ ಆಗಿತ್ತೇನ್ರಿ? ಕರೆಂಟ್ ಇತ್ತೋ, ಹೋಗಿತ್ತೋ? ಮುಂಜಾನಿ ಹಾಲು ಹಿಂಡಿದ್ರೇನ್ರಿ?" ಎಂದು ಕೇಳಿದರೆ ಅರ್ಧ ಗಂಟೆಯ ಅಂತರದಲ್ಲಿ ವೇಳೆ ಸಿಗುತ್ತದೆ. ಸರಾಸರಿ ತೆಗೆಯುವುದಿಲ್ಲ. ಹೊರಟ ಕ್ರಮದಲ್ಲಿ ಸಾಲಾಗಿ ಬರೆದು 16ನೇ ಮನೆಯ ವೇಳೆ (ಅರ್ಧ ಮನೆ ಹೊರಟ ಹೊತ್ತು), 29ನೇ ಮನೆಯ ವೇಳೆ (ಸುಮಾರು ಹತ್ತರಲ್ಲಿ ಒಂಬತ್ತು ಮನೆ ಹೊರಟ ಹೊತ್ತು) ನೋಡುತ್ತೇವೆ. ಇವೆರಡರ ನಡುವಿನ ಅಂತರ ದೊಡ್ಡದಿದ್ದರೆ ಆ ಕೊನೆಯ ಮನೆಗಳಿಗೆ ಹೋಗಿ ಕಾರಣ ಕೇಳಬೇಕು.

ಬಹಳ ಕಡೆ ಕಾರಣ ದನಕರು. ಎಮ್ಮೆ ಬಿಟ್ಟು ಯಾರೂ ಬರುವುದಿಲ್ಲ, ಬರಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಆದ್ದರಿಂದ ದನ ಹೊರಟ ವೇಳೆಗೂ ಒಂದು ಕಾಲಂ ಬೇಕು. ಮೇವು ಸಿದ್ಧವಿದೆ ಎಂದು ಬರೆದರೆ ಸಾಲದು: ದೊಡ್ಡ ಜಾನುವಾರಿಗೆ ದಿನಕ್ಕೆ ಕನಿಷ್ಠ 5–6 ಕಿಲೋ ಒಣಮೇವು, 30 ಲೀಟರ್ ನೀರು ಹಿಡಿದು, ಎಷ್ಟು ದಿನಕ್ಕೆ ಸಾಕು ಎಂದು ಬರೆಯಬೇಕು.

ಊರು ಬಿಟ್ಟವರು ಉಳಿಯುವ ಕಾಳಜಿ ಕೇಂದ್ರವನ್ನು ಎರಡನೇ ದಿನ ಸಂಜೆ ಏಳಕ್ಕೆ ಅಳೆಯುತ್ತೇವೆ, ಮೊದಲ ದಿನದ ಗದ್ದಲ ಆಗ ಇಳಿದಿರುತ್ತದೆ. ಪರಿಹಾರ ಕೆಲಸಕ್ಕೆ ಜಗತ್ತಿನ ಹಲವೆಡೆ ಬಳಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ಜಾಗ, 20 ಮಂದಿಗೆ ಒಂದು ಶೌಚಾಲಯ. 260 ಮಂದಿ ಇದ್ದರೆ 3,900 ಲೀಟರ್ ನೀರು, ಅಂದರೆ 2,000 ಲೀಟರಿನ ಟ್ಯಾಂಕ್ ದಿನಕ್ಕೆ ಎರಡು ಸಲ ತುಂಬಬೇಕು. 13 ಶೌಚಾಲಯ ಬೇಕು. ಜಾಗದ ಲೆಕ್ಕದಲ್ಲೇ ಹೆಚ್ಚು ಎಡವುವುದು: 6 ಮೀಟರ್ ಉದ್ದ, 6 ಮೀಟರ್ ಅಗಲದ ಎಂಟು ಕೋಣೆಯ ಶಾಲೆ 82 ಮಂದಿಗೆ ಮಾತ್ರ ಸಾಲುತ್ತದೆ. ಮಳೆಗಾಲಕ್ಕೆ ಮುಂಚೆಯೇ ಟೇಪ್ ಹಿಡಿದು ಅಳೆದಿಟ್ಟರೆ ಉಳಿದ 178 ಮಂದಿಗೆ ಜಾಗ ಹುಡುಕಲು ಸಮಯ ಇರುತ್ತದೆ. ಅದೇ ಟ್ಯಾಂಕಿನಿಂದ ದನಕ್ಕೂ ನೀರು ಹೋಗುತ್ತಿದ್ದರೆ ಅದನ್ನು ಕಳೆದೇ ಬರೆಯಬೇಕು, ಇಲ್ಲದಿದ್ದರೆ ಜನರಿಗೆ ಸಿಕ್ಕಿದ್ದು ಜಾಸ್ತಿ ಕಾಣುತ್ತದೆ.

ಕ್ಲೋರಿನ್ ಪರೀಕ್ಷೆ ಕೊನೆಯ ನಲ್ಲಿಯಲ್ಲಿ. ಪರೀಕ್ಷೆಯ ದ್ರಾವಣದ ಹನಿ ಹಾಕಿದ ಮೇಲೆ ಹಳದಿ ಬಣ್ಣ ಬಂದು ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಬೇಕು. ಕೆಂಪು ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮಣ್ಣು, ಕಸವೇ ಕ್ಲೋರಿನ್ ತಿಂದುಬಿಡುತ್ತದೆ, ಬಣ್ಣ ಬರುವುದಿಲ್ಲ. ಮೊದಲು ಆಲಂ (ಪಟಿಕ) ಹಾಕಿ ತಿಳಿಯಾಗಲು ಬಿಡಬೇಕು.

ಇನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವ ಮಾತು. ಹೊಳೆ ಬಾರದ ವರ್ಷ ಯಾವ ಯೋಜನೆಯೂ ಚೆನ್ನಾಗಿಯೇ ಕಾಣುತ್ತದೆ. 2019ರ ಆಗಸ್ಟಿನ ನೆರೆಯ ಅಂಕಿಯನ್ನು ಸುಮ್ಮನೆ ಒಂದು ಸಾಧಾರಣ ಮಳೆಗಾಲದ ಪಕ್ಕ ಇಟ್ಟರೆ ಅದರಲ್ಲಿ ಯೋಜನೆಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಅಂಕಿಯ ಮುಂದೆ ಆ ಸಲದ ಗರಿಷ್ಠ ನೀರಿನ ಮಟ್ಟ ಬರೆದು, ಅರ್ಧ ಮೀಟರಿನೊಳಗೆ ಹೊಂದುವ ವರ್ಷಗಳನ್ನು ಮಾತ್ರ ಹೋಲಿಸುತ್ತೇವೆ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ರಾಜಾಪುರದ ನೀರೂ ಉಪನದಿ ದೂಧಗಂಗೆಯ ನೀರೂ ಕೂಡಿದ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಲೆಕ್ಕ) ಸಿಗುತ್ತದೆ, ಆದರೆ ನಮ್ಮ ಓಣಿಗೆ ನೀರು ಎಷ್ಟು ಬಂತೆಂದು ಅದು ಹೇಳುವುದಿಲ್ಲ. ಸೇತುವೆಯ ಕಂಬಕ್ಕೂ ಗುಡಿಯ ಗೋಡೆಗೂ ಅರ್ಧ ಮೀಟರಿಗೊಂದರಂತೆ ಎನಾಮಲ್ ಪೇಂಟಿನ ಗೆರೆ ಎಳೆಸಬೇಕು. ನೀರು ಇಳಿದ ದಿನವೇ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ಟೇಪ್ ಹಿಡಿದು ಫೋಟೋ ತೆಗೆಯಬೇಕು. ಮಾರನೇ ದಿನ ಜೋರು ಮಳೆ ಬಂದರೆ ಅದು ತೊಳೆದುಹೋಗುತ್ತದೆ.