ಏಳುವ ಹೊತ್ತನ್ನು ಮೊದಲು ಹಿಡಿಯಿರಿ: ನಿದ್ದೆ, ಊಟ, ರಕ್ತದ ಸಕ್ಕರೆ ಮತ್ತು ಮನಸ್ಸನ್ನು ಹಳಿಗೆ ತರುವ ಕ್ರಮ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಅರ್ಧ ಸತ್ಯವನ್ನು ಹೇಳುತ್ತದೆ. ಚಿಂತೆ ನಿದ್ದೆಯನ್ನು ಕೆಡಿಸುವಂತೆ ಕೆಟ್ಟ ನಿದ್ದೆಯೂ ಚಿಂತೆಯನ್ನು ಹುಟ್ಟಿಸುತ್ತದೆ. ಜೊತೆಗೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹಸಿವನ್ನು ಕೆರಳಿಸುತ್ತದೆ, ಸೊಂಟದ ಸುತ್ತಳತೆಯನ್ನು ಬೆಳೆಸುತ್ತದೆ. ರಾತ್ರಿ ಒಂಬತ್ತಕ್ಕೆ ಕಚೇರಿಯಿಂದ ಬಂದು, ಹತ್ತಕ್ಕೆ ಉಂಡು, ಹನ್ನೆರಡೂವರೆಯವರೆಗೆ ಮೊಬೈಲು ನೋಡಿ, ಬೆಳಿಗ್ಗೆ ಆರಕ್ಕೆ ಮಕ್ಕಳ ಶಾಲಾ ಬಸ್ಸಿಗಾಗಿ ಏಳುವವರಿಗಾಗಿ ಈ ಬರಹವನ್ನು ಬರೆದಿದ್ದೇನೆ. ವಾರವಿಡೀ ಹೀಗೆ ನಡೆಸಿ, ಭಾನುವಾರ ಹತ್ತು ಗಂಟೆಯವರೆಗೆ ಮಲಗಿ ನಿದ್ದೆಯ ಸಾಲ ತೀರಿಸಿದೆವೆಂದುಕೊಳ್ಳುವ ಇಂಥವರಲ್ಲಿ ಅನೇಕರಿಗೆ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ, ಅಂದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದ್ದರೆ, ಆ ಹೊಸ್ತಿಲಿನಲ್ಲಿರುವವರು 13.6 ಕೋಟಿ.

ನಿದ್ದೆಗೂ ಸಕ್ಕರೆಗೂ ಏನು ನಂಟು ಎಂಬುದನ್ನು ತಿಳಿದುಕೊಂಡರೆ ಮುಂದಿನ ಕ್ರಮಗಳನ್ನು ಪಾಲಿಸುವುದು ಸುಲಭವಾಗುತ್ತದೆ. 1999ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಆರೋಗ್ಯವಂತ ತರುಣರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದಾಗ, ಅವರ ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಎದ್ದು ಕಾಣುವಂತೆ ಕುಗ್ಗಿತ್ತು. 2004ರ ಪ್ರಯೋಗದಲ್ಲಿ ಇಂಥ ಎರಡೇ ರಾತ್ರಿಗಳಿಂದ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಲೆಪ್ಟಿನ್ ಶೇ. 18ರಷ್ಟು ಇಳಿದು, ಹಸಿವನ್ನು ಎಬ್ಬಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು. ನಿದ್ದೆಗೆಟ್ಟ ಮರುದಿನ ಸಂಜೆ ಬಜ್ಜಿ, ಬೇಕರಿ ತಿನಿಸುಗಳ ಕಡೆಗೆ ಕೈ ಹೋಗುವುದಕ್ಕೆ ಮನಸ್ಸಿನ ದುರ್ಬಲತೆಯನ್ನು ದೂರುವ ಮೊದಲು ಈ ಸಂಗತಿಯನ್ನು ನೆನೆಯಬೇಕು. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದ ಫಲ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟಿದೆ. ಆರೂವರೆ ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದ, ತೂಕ ಹೆಚ್ಚಿದ್ದ ಜನರಿಗೆ ಯಾವ ಪಥ್ಯವನ್ನೂ ಹೇಳದೆ ನಿದ್ದೆಯನ್ನಷ್ಟೇ ಸುಮಾರು ಒಂದು ಗಂಟೆ ಹೆಚ್ಚಿಸಲು ನೆರವಾದಾಗ, ನಿದ್ದೆ ಹೆಚ್ಚಿಸಿಕೊಳ್ಳದವರಿಗೆ ಹೋಲಿಸಿದರೆ ಅವರು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಅದು ಹೆಚ್ಚುಕಡಿಮೆ ಮೂರು ಚಪಾತಿಗಳಷ್ಟು.

ಮನಸ್ಸಿನ ವಿಷಯದಲ್ಲಿಯೂ ನಂಟು ಅಷ್ಟೇ ಬಿಗಿಯಾಗಿದೆ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯೊಂದರ ಪ್ರಕಾರ, ಖಿನ್ನತೆ ಇಲ್ಲದಿದ್ದರೂ ನಿದ್ರಾಹೀನತೆಯಿಂದ ಬಳಲುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಚೆನ್ನಾಗಿ ನಿದ್ರಿಸುವವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು.

ಮೊದಲು ಎರಡು ವಾರದ ಲೆಕ್ಕ

ಯಾವ ಬದಲಾವಣೆಯನ್ನೂ ಮಾಡುವ ಮೊದಲು ಒಂದು ನೋಟ್‌ಪುಸ್ತಕವನ್ನು ಹಾಸಿಗೆಯಿಂದ ದೂರದಲ್ಲಿ, ಅಡುಗೆಮನೆಯಲ್ಲೋ ಊಟದ ಮೇಜಿನ ಮೇಲೋ ಇಡಿ. ಪ್ರತಿದಿನ ಬೆಳಿಗ್ಗೆ, ಹಿಂದಿನ ರಾತ್ರಿ ದೀಪ ಆರಿಸಿದ ಹೊತ್ತು, ನಿದ್ದೆ ಹತ್ತಿರಬಹುದಾದ ಹೊತ್ತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಕೊನೆಗೆ ಎಷ್ಟಕ್ಕೆ ಎದ್ದಿರಿ ಎಂಬುದನ್ನು ಅಂದಾಜಿನಿಂದಲೇ ಬರೆಯಿರಿ. ರಾತ್ರಿ ಗಡಿಯಾರ ನೋಡುತ್ತ ಕೂರಬೇಡಿ. ಅದರ ಪಕ್ಕದಲ್ಲಿ ಕೊನೆಯ ಕಾಫಿ ಕುಡಿದ ಸಮಯ, ರಾತ್ರಿಯೂಟದ ಸಮಯ, ಮತ್ತು ಹಿಂದಿನ ದಿನ ಮನಸ್ಸು ಹೇಗಿತ್ತು ಎಂಬುದಕ್ಕೆ ಹತ್ತರಲ್ಲಿ ಒಂದು ಅಂಕ ಇರಲಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದವರು ವಾರಕ್ಕೆ ಎರಡು ದಿನ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಬರೆದಿಡಬಹುದು. ಕೈಗಡಿಯಾರಗಳು ಕೊಡುವ ನಿದ್ದೆಯ ಅಂಕಗಳಿಗಿಂತ ಈ ಪುಸ್ತಕವೇ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಏಳುವ ಹೊತ್ತು ಮತ್ತು ಬೆಳಗಿನ ಬೆಳಕು

ಬೇಗ ಮಲಗುತ್ತೇನೆ ಎಂದು ಸಂಕಲ್ಪ ಮಾಡಿದವರು ಸಾಮಾನ್ಯವಾಗಿ ಮೂರನೆಯ ದಿನಕ್ಕೆ ಸೋಲುತ್ತಾರೆ, ಏಕೆಂದರೆ ನಿದ್ದೆ ನಮ್ಮ ಅಪ್ಪಣೆಗೆ ಬರುವಂಥದ್ದಲ್ಲ. ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ಎದ್ದ ಕ್ಷಣದಿಂದ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗಿ ರಾತ್ರಿಯ ಹೊತ್ತಿಗೆ ನಿದ್ದೆಯ ಒತ್ತಡವನ್ನು ಉಂಟುಮಾಡುತ್ತದೆ. ಭಾನುವಾರ ಹತ್ತಕ್ಕೆ ಎದ್ದವರಿಗೆ ಆ ರಾತ್ರಿ ಹನ್ನೊಂದಕ್ಕೆ ನಿದ್ದೆ ಬಾರದಿರುವುದೂ, ಸೋಮವಾರದ ಬೆಳಗು ಭಾರವಾಗುವುದೂ ಇದರಿಂದಲೇ. ಆದ್ದರಿಂದ ವಾರದ ಏಳೂ ದಿನ ಪಾಲಿಸಬಲ್ಲ ಒಂದು ಹೊತ್ತನ್ನು ಗೊತ್ತುಮಾಡಿ, ರಜಾದಿನಗಳಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಸಡಿಲಿಕೆ ಇಟ್ಟುಕೊಳ್ಳಿ. ಈಗಿನ ಸಮಯಕ್ಕೂ ಗುರಿಗೂ ಬಹಳ ಅಂತರವಿದ್ದರೆ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಬ್ರಾಹ್ಮೀ ಮುಹೂರ್ತದಲ್ಲೇ ಏಳಬೇಕೆಂಬ ಒತ್ತಾಯವನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ಆ ಅಭ್ಯಾಸ ಕತ್ತಲಾದ ಸ್ವಲ್ಪ ಹೊತ್ತಿಗೇ ಮಲಗುತ್ತಿದ್ದ ಮನೆಗಳದು. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಏಳುವವರು ಮೇಲೆ ಹೇಳಿದ ಶಿಕಾಗೋ ಪ್ರಯೋಗವನ್ನು ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿರುತ್ತಾರೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಅಲ್ಲದೆ ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುವುದರಿಂದ ಮಂಗಳೂರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ, ಬೆಂಗಳೂರಿನ ಸೂರ್ಯ ಸುಮಾರು ಇಪ್ಪತ್ತು ನಿಮಿಷ ಹಿಂದೆ ಇರುತ್ತಾನೆ. ಕರಾವಳಿಯಲ್ಲಿ ಐದಕ್ಕೆ ಎದ್ದವರು ಬೆಳಕಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಬೆಳಕೇ ಇಲ್ಲಿ ಮುಖ್ಯ. ಕಣ್ಣಿನ ಮೂಲಕ ಬರುವ ಬೆಳಗಿನ ಬೆಳಕು ಮಿದುಳಿನಲ್ಲಿರುವ ಮುಖ್ಯ ಜೈವಿಕ ಗಡಿಯಾರವನ್ನು ದಿನವೂ ಸರಿಹೊಂದಿಸುತ್ತದೆ. ಜೀವಕೋಶದೊಳಗೆ ಇಂಥ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಸೂರಿನ ಹೊರಗೆ ಇರಿ. ಅಂಗಳ ಗುಡಿಸಿ ರಂಗೋಲಿ ಇಡುವುದು, ತಾರಸಿಯ ಗಿಡಗಳಿಗೆ ನೀರು ಹಾಕುವುದು, ಹಾಲು ತರಲು ನಡೆದು ಹೋಗುವುದು ಯಾವುದಾದರೂ ಆದೀತು. ಮೋಡ ಕವಿದ ಮಳೆಗಾಲದ ಬೆಳಗೂ ನಮ್ಮ ಮನೆಯೊಳಗಿನ ದೀಪಗಳಿಗಿಂತ ಎಷ್ಟೋ ಪಟ್ಟು ಪ್ರಕಾಶಮಾನವಾಗಿರುತ್ತದೆ.

ರಾತ್ರಿಯೂಟ

ಕರುಳು, ಯಕೃತ್ತು, ಮೇದೋಜೀರಕ ಗ್ರಂಥಿಗಳಲ್ಲಿಯೂ ಗಡಿಯಾರಗಳಿವೆ. ಅವು ಬೆಳಕಿಗಿಂತ ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ಕತ್ತಲಾದ ಮೇಲೆ ಏರುವ ಮೆಲಟೋನಿನ್ ಎಂಬ ಹಾರ್ಮೋನು, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುವುದರಿಂದ, ಸಂಜೆ ಏಳಕ್ಕೆ ಉಂಡ ಅದೇ ಅನ್ನ ಸಾರು ಅಥವಾ ಮುದ್ದೆ, ರಾತ್ರಿ ಹತ್ತೂವರೆಗೆ ಉಂಡಾಗ ಸಕ್ಕರೆಯನ್ನು ಹೆಚ್ಚು ಏರಿಸಿ, ಹೆಚ್ಚು ಹೊತ್ತು ಏರಿದಲ್ಲೇ ಇಡುತ್ತದೆ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಸುವುದು ಉತ್ತಮ. ಕಚೇರಿ ಬಿಡುವುದೇ ಎಂಟಕ್ಕೆ ಎನ್ನುವವರು ಊಟವನ್ನು ಎರಡಾಗಿ ಒಡೆಯಬಹುದು: ಚಪಾತಿ ಪಲ್ಯವನ್ನು ಡಬ್ಬಿಯಲ್ಲಿ ಒಯ್ದು ಏಳರ ಸುಮಾರಿಗೆ ತಿಂದು, ಮನೆಗೆ ಬಂದ ಮೇಲೆ ಕೋಸಂಬರಿ, ಹೆಸರುಕಾಳಿನ ಉಸಲಿ, ಮಜ್ಜಿಗೆಗಳಷ್ಟರಲ್ಲಿ ಮುಗಿಸುವುದು.

ನಮ್ಮ ಮನೆಯಲ್ಲಿ ಊಟವನ್ನು ಹತ್ತರಿಂದ ಎಂಟಕ್ಕೆ ತರಲು ಒಂದು ತಿಂಗಳೇ ಹಿಡಿಯಿತು. ಅಡ್ಡಿಯಾದದ್ದು ಹಸಿವೂ ಅಲ್ಲ, ಟಿವಿ ಧಾರಾವಾಹಿಯೂ ಅಲ್ಲ. ಅಡುಗೆಯ ಹೊಣೆಯೆಲ್ಲವೂ ಒಬ್ಬರ ಮೇಲಿತ್ತು. ಎಲ್ಲರೂ ಉಂಡ ಮೇಲೆ ಉಂಡು, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ನಾಳೆಯ ದೋಸೆಗೆ ರುಬ್ಬಿಟ್ಟು ಅಡುಗೆಮನೆಯ ದೀಪ ಆರಿಸುವವರೇ ಬಹುಪಾಲು ಮನೆಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಾರೆ. ಗಂಡನ ಸಕ್ಕರೆಗಾಗಿ ಮನೆಯ ದಿನಚರಿಯನ್ನು ಬದಲಿಸಿ ಹೆಂಡತಿಯ ನಿದ್ದೆಯನ್ನು ಇನ್ನಷ್ಟು ಕತ್ತರಿಸುವ ಕ್ರಮವನ್ನು ನಾನು ಒಪ್ಪಲಾರೆ. ಪಾತ್ರೆಯ ಕೆಲಸ ಒಬ್ಬರಿಗೆ, ರುಬ್ಬುವ ಕೆಲಸ ಇನ್ನೊಬ್ಬರಿಗೆ ಎಂದು ಹಂಚಿಕೊಂಡ ಮೇಲೆಯೇ ನಮ್ಮಲ್ಲಿ ಎಂಟರ ಊಟ ನೆಲೆಯೂರಿತು.

ಉಂಡ ಮೇಲೆ ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ. ಮಧುಮೇಹದ ಹೊಸ್ತಿಲಲ್ಲಿದ್ದ ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ಊಟಗಳ ನಂತರವೂ ಹೀಗೆ ನಡೆದಾಗ ದಿನವಿಡೀ ಸಕ್ಕರೆ ಹತೋಟಿಗೆ ಬಂದಿತ್ತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತನ್ನೂ ಪ್ರಮಾಣವನ್ನೂ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು; ನಡುರಾತ್ರಿ ತಣ್ಣನೆಯ ಬೆವರು, ಎದೆ ಬಡಿತ, ಕೆಟ್ಟ ಕನಸುಗಳು ಸಕ್ಕರೆ ತೀರ ಇಳಿದುದರ ಗುರುತಾಗಿರಬಹುದು.

ಕಾಫಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಆದ್ದರಿಂದ ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಮದ್ಯ ಬೇಗ ಮಂಪರು ತರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಒಡೆಯುತ್ತದೆ.

ಹಾಸಿಗೆಯಲ್ಲಿ ನಿದ್ದೆ ಬಾರದಿದ್ದಾಗ

ಮಗ್ಗುಲು ಬದಲಿಸುತ್ತ ಸುಮಾರು ಇಪ್ಪತ್ತು ನಿಮಿಷ ಕಳೆಯಿತೆನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ದೀಪದಲ್ಲಿ ಬಟ್ಟೆ ಮಡಚುವಂಥ ಅಥವಾ ಹಳೆಯ ಪುಸ್ತಕ ಓದುವಂಥ ಸಪ್ಪೆ ಕೆಲಸವೊಂದನ್ನು ಮಾಡಿ, ತೂಕಡಿಕೆ ಬಂದಾಗಲೇ ಹಾಸಿಗೆಗೆ ಮರಳಿ. ಹಾಸಿಗೆ ಕಂಡ ಕೂಡಲೇ ಎಚ್ಚರವಾಗುವ ಅಭ್ಯಾಸವನ್ನು ಮುರಿಯುವುದು ಇದರ ಉದ್ದೇಶ. ನಾಳೆಯ ಚಿಂತೆಗಳಿಗೆ ಸಂಜೆಯೇ ಹತ್ತು ನಿಮಿಷ ಕೊಟ್ಟು, ಅವನ್ನೂ, ಒಂದೊಂದಕ್ಕೆ ಮಾಡಬಹುದಾದ ಮೊದಲ ಕೆಲಸವನ್ನೂ ಬರೆದಿಡಿ.

ನೋಟ್‌ಪುಸ್ತಕದ ಲೆಕ್ಕ ಈಗ ಉಪಯೋಗಕ್ಕೆ ಬರುತ್ತದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದು ಸರಾಸರಿ ಆರು ಗಂಟೆಯಷ್ಟೇ ನಿದ್ರಿಸುತ್ತಿದ್ದರೆ, ಕೆಲವು ವಾರ ಹಾಸಿಗೆಯ ಸಮಯವನ್ನೇ ಆರು ಗಂಟೆಗೆ ಇಳಿಸಿ, ಅದರಲ್ಲಿ ಶೇ. 85ರಷ್ಟು ನಿದ್ದೆಯಾಗತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಹೆಚ್ಚಿಸುತ್ತ ಹೋಗಬೇಕು. ಐದು ಗಂಟೆಗಿಂತ ಕೆಳಗೆ ಯಾರೂ ಇಳಿಸಬಾರದು. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ಬಸ್ಸು ಲಾರಿ ಓಡಿಸುವವರು, ಯಂತ್ರಗಳ ನಡುವೆ ಕೆಲಸ ಮಾಡುವವರು ಇದನ್ನು ಸ್ವಂತವಾಗಿ ಮಾಡಲೇಬಾರದು. ಇವೆಲ್ಲವೂ ನಿದ್ರಾಹೀನತೆಗೆಂದೇ ರೂಪಿಸಿದ ವರ್ತನಾ ಚಿಕಿತ್ಸೆಯ ಭಾಗಗಳು. ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ. ಔಷಧದಂಗಡಿಯಿಂದ ನಿದ್ದೆ ಮಾತ್ರೆಯನ್ನು ತಾವಾಗಿ ತಂದು ನುಂಗಬೇಡಿ. ಈಗಾಗಲೇ ಬಹುಕಾಲದಿಂದ ನುಂಗುತ್ತಿರುವವರು ಥಟ್ಟನೆ ನಿಲ್ಲಿಸಲೂಬೇಡಿ, ವೈದ್ಯರ ನೋಟದಲ್ಲಿ ನಿಧಾನವಾಗಿ ಇಳಿಸಿಕೊಳ್ಳಿ.

ರಾತ್ರಿ ಪಾಳಿಯವರಿಗೆ ಏಳುವ ಹೊತ್ತಿನ ನಿಯಮ ಪೂರ್ತಿ ಒಗ್ಗುವುದಿಲ್ಲ. ಆದರೂ ನಡುರಾತ್ರಿಯ ದೊಡ್ಡ ಊಟವನ್ನು ಬಿಟ್ಟು, ಪಾಳಿಗೆ ಹೊರಡುವ ಮೊದಲೇ ಚೆನ್ನಾಗಿ ಉಂಡರೆ ಪ್ರಯೋಜನವಿದೆ. ರಾತ್ರಿ ಪಾಳಿಯನ್ನು ಅನುಕರಿಸಿದ 2021ರ ಪ್ರಯೋಗವೊಂದರಲ್ಲಿ ಹಗಲಿನಲ್ಲಷ್ಟೇ ಊಟ ಮಾಡಿದವರ ಸಕ್ಕರೆ ಏರಲಿಲ್ಲ. ರಾತ್ರಿ ಉಂಡವರದು ಏರಿತು.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳು

ಜೋರು ಗೊರಕೆ, ಗೊರಕೆಯ ನಡುವೆ ಉಸಿರು ನಿಂತು ಏದುಸಿರಿನೊಂದಿಗೆ ಎಚ್ಚರವಾಗುವುದು, ಬೆಳಿಗ್ಗೆ ತಲೆನೋವು, ಹಗಲಲ್ಲಿ ಕುಳಿತಲ್ಲೇ ಜೊಂಪು ಇದ್ದವರಿಗೆ ಮೇಲಿನ ಯಾವ ಅಭ್ಯಾಸವೂ ಸಾಲದು. ಅದು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆಯಾಗಿರಬಹುದು, ಪರೀಕ್ಷೆ ಮಾಡಿಸಬೇಕು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆಯನ್ನು ನೋಡಿಸಬೇಕು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಸುಕಿಗೇ ಎಚ್ಚರವಾಗುತ್ತಿದ್ದರೆ ಅದನ್ನು ಬರಿಯ ನಿದ್ದೆಗೇಡು ಎಂದುಕೊಳ್ಳಬೇಡಿ. ನಿದ್ದೆ ಮೂರೇ ಗಂಟೆಯಾದರೂ ದಣಿವಿಲ್ಲದೆ ಮಾತು, ಖರ್ಚು, ಹುರುಪು ಮೇರೆ ಮೀರಿದ್ದರೂ ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡವೆನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆಯಾಗಿದೆ.

ಬದಲಾವಣೆ ಆರಂಭಿಸಿದ ದಿನವೇ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸುತ್ತಳತೆ ಬರೆದಿಡಿ; ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗಿಂತ ಮೊದಲು ಮತ್ತೆ ಮಾಡಿಸುವುದರಿಂದ ಲಾಭವಿಲ್ಲ, ಏಕೆಂದರೆ ಅದು ಅಳೆಯುವುದು ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳಿಗೆ ಅಂಟಿಕೊಂಡ ಸಕ್ಕರೆಯನ್ನು. ಆ ದಿನ ಪ್ರಯೋಗಾಲಯದ ವರದಿಯ ಜೊತೆಗೆ ಅಡುಗೆಮನೆಯ ನೋಟ್‌ಪುಸ್ತಕವನ್ನೂ ವೈದ್ಯರ ಬಳಿಗೆ ಒಯ್ಯಿರಿ.